ಅಳಿವೆ ಕಾಯುವ ಕೆಲಸ: ಏನು ಓದಬೇಕು, ಎಲ್ಲಿ ಸೇರಬೇಕು, ಸಂಬಳ ಯಾರು ಕೊಡುತ್ತಾರೆ

ತದಡಿಯಿಂದ ಅಘನಾಶಿನಿ ಊರಿಗೆ ದಾಟುವ ತಾರಿಯಲ್ಲಿ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದರು. ಕಾಲ ಬುಡದಲ್ಲಿ ನೀರು ಸೋರುವ ಬಳಚಿನ, ಅಂದರೆ ಚಿಪ್ಪುಮೀನಿನ ಬುಟ್ಟಿ, ಬದಿಗೆ ಮಗಳು, ಮಗಳ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಪಿಯುಸಿ ಅಂಕಪಟ್ಟಿ. ನಾನು ಟೀಚರೆಂಬುದು ಹೇಗೆ ಗೊತ್ತಾಯಿತೋ, ದೋಣಿ ಅರ್ಧ ಹೊಳೆ ದಾಟುವಷ್ಟರಲ್ಲಿ ಪ್ರಶ್ನೆ ಬಂತು.

"ಅಕ್ಕೋರೇ, ಇವ್ಳು ರಾಮ್ಸಾರ್ ಓದ್ತೆ ಅಂತಾಳೆ. ಅದು ಯಾವ ಕಾಲೇಜಲ್ಲದೆ? ಓದಿರೆ ನೌಕ್ರಿ ಸಿಕ್ತದ್ಯಾ?"

ಹೊಳೆ ದಾಟುವಷ್ಟರಲ್ಲಿ ಮುಗಿಯುವ ಉತ್ತರ ಇದಲ್ಲ. ಅಂದು ಹೇಳಿದ್ದನ್ನೂ ಹೇಳಲು ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಫಲಿತಾಂಶ ಬಂದ ಮೇಲೆ ಕುಮಟಾ, ಹೊನ್ನಾವರ, ಕಾರವಾರದ ಕಡೆ ಇದೇ ಪ್ರಶ್ನೆ ಹಲವು ಮನೆಗಳಲ್ಲಿ ಏಳುತ್ತದೆ.

ರಾಮ್ಸಾರ್ ಒಂದು ಊರು

ರಾಮ್ಸಾರ್ ಎಂಬ ಕೋರ್ಸು ಇಲ್ಲ. ಅದು ಇರಾನಿನಲ್ಲಿ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಮೇಲಿರುವ ಊರು. 1971ರ ಫೆಬ್ರವರಿ 2ರಂದು ಕೆಲವು ದೇಶಗಳು ಅಲ್ಲಿ ಸೇರಿ, ಜೌಗು ಪ್ರದೇಶಗಳನ್ನು ಉಳಿಸಿಕೊಳ್ಳುವ ಒಪ್ಪಂದಕ್ಕೆ ಬಂದವು. ಫೆಬ್ರವರಿ 2ನ್ನು ಜಗತ್ತಿನ ಜೌಗು ದಿನವೆಂದು ಆಚರಿಸುವುದು ಅದಕ್ಕೇ. ಭಾರತ ಈ ಒಪ್ಪಂದಕ್ಕೆ ಸೇರಿದ್ದು 1982ರಲ್ಲಿ. ಒಪ್ಪಂದದ ಪಟ್ಟಿಗೆ ಕರ್ನಾಟಕದಿಂದ ಮೊದಲು ಹೋದದ್ದು ರಂಗನತಿಟ್ಟು, 2022ರಲ್ಲಿ. 2024ರ ಆರಂಭದಲ್ಲಿ ಅಂಕಸಮುದ್ರ, ಮಾಗಡಿ ಕೆರೆಗಳ ಜೊತೆ ನಮ್ಮ ಅಘನಾಶಿನಿ ಅಳಿವೆಯೂ, ಅಂದರೆ ಹೊಳೆ ಸಮುದ್ರ ಸೇರುವ ಜಾಗವೂ, ಸೇರಿತು. ಪಟ್ಟಿಯಲ್ಲಿರುವ ಅಳಿವೆಯ ವಿಸ್ತೀರ್ಣ 4801 ಹೆಕ್ಟೇರ್.

ಪಟ್ಟಿಗೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಶಿರಸಿ ಅಡಿಕೆಯ ಹೋಲಿಕೆ ಹತ್ತಿರದ್ದು. ಅಡಿಕೆಗೆ ಊರಿನ ಹೆಸರಿನ ಗುರುತಾದ ಜಿಐ ಮುದ್ರೆ ಬಿತ್ತು, ಹೆಸರು ಬಂತು. ಆದರೆ ಮುದ್ರೆ ತೋಟಕ್ಕಿಳಿದು ಸೊಪ್ಪು ಹಾಸುವುದಿಲ್ಲ, ಕೊಳೆರೋಗಕ್ಕೆ ಮದ್ದು ಹೊಡೆಯುವುದಿಲ್ಲ. ಅದನ್ನು ತೋಟದವರೇ ಮಾಡಬೇಕು. ರಾಮ್ಸಾರ್ ಮುದ್ರೆಯೂ ಹಾಗೆಯೇ. ಮೀನು ಹಿಡಿಯಬೇಡಿ, ಗದ್ದೆ ಮಾಡಬೇಡಿ ಎಂದು ಅದು ಹೇಳುವುದಿಲ್ಲ. ಅದು ಕೇಳುವುದು 'ವಿವೇಕದ ಬಳಕೆ': ಜಾಗದ ಗುಣ ಕೆಡದಂತೆ ಉಪಯೋಗಿಸಿ, ಕೆಟ್ಟರೆ ಗೊತ್ತಾಗುವಂತೆ ಲೆಕ್ಕ ಇಡಿ ಎನ್ನುತ್ತದೆ. ಹುಡುಗಿ ಹುಡುಕುತ್ತಿದ್ದ ನೌಕರಿಗಳು ಹುಟ್ಟುವುದು ಈ ಲೆಕ್ಕದಿಂದಲೇ.

ಜೌಗು ಎಂದರೆ ಯಾವುದೆಲ್ಲ

ಜೌಗು ಎಂದೊಡನೆ ಕಾಲು ಹುಗಿಯುವ ಕೆಸರು ಕಣ್ಣಿಗೆ ಬರುತ್ತದೆ. ಒಪ್ಪಂದದ ಅರ್ಥ ಅದಕ್ಕಿಂತ ಬಹಳ ಅಗಲ. ನೈಸರ್ಗಿಕವಿರಲಿ, ಕಟ್ಟಿದ್ದಿರಲಿ, ವರ್ಷವಿಡೀ ನೀರಿರಲಿ, ಮಳೆಗಾಲದಲ್ಲಷ್ಟೇ ಇರಲಿ, ನಿಂತ ನೀರೋ ಹರಿಯುವ ನೀರೋ, ಸಿಹಿಯೋ ಸವಳೋ ಉಪ್ಪೋ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಳಿತದ ಹೊತ್ತಿಗೆ 6 ಮೀಟರಿಗಿಂತ ಹೆಚ್ಚು ಆಳವಿಲ್ಲದ ಸಮುದ್ರವೂ ಜೌಗೇ.

ಈ ಅಳತೆ ಹಿಡಿದರೆ ಉತ್ತರ ಕನ್ನಡದಲ್ಲಿ ಜೌಗಿಲ್ಲದ ತಾಲೂಕು ಸಿಗುವುದು ಕಷ್ಟ. ಕಾಳಿಯ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ ಹೊಳೆಗಳ ಅಳಿವೆಗಳು, ಕುಮಟಾ ಕಡೆಯ ಗಜನಿ ಗದ್ದೆಗಳು. ಘಟ್ಟ ಹತ್ತಿದರೆ ಸೋಂದಾ ಹತ್ತಿರ ಬೆಳ್ಳಕ್ಕಿ ಗೂಡು ಕಟ್ಟುವ ಮುಂಡಿಗೆಕೆರೆ, ಮುಂಡಗೋಡಿನ ಅತ್ತಿವೇರಿ ಜಲಾಶಯ, ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು. ಕತ್ತಲೆಕಾನು ದಾರಿಹೋಕರಿಗೆ ಬರಿ ಕಾಡಿನಂತೆ ಕಾಣುತ್ತದೆ. ಅಲ್ಲಿ ಸಿಕ್ಕ ಒಂದು ಮರವನ್ನು ವಿಜ್ಞಾನ ಹೊಸ ಜಾತಿಯೆಂದು ದಾಖಲಿಸಿದ್ದು 2000ದಲ್ಲಿ, ಊರಿನ ಹೆಸರನ್ನೇ ಹೊತ್ತು: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್.

ಅಳಿವೆ ಕೆಲಸ ಮಾಡುವ ಬಗೆಯನ್ನು ಗಜನಿಯಲ್ಲಿ ಸುಲಭವಾಗಿ ನೋಡಬಹುದು. ಹೊಳೆಯ ಸಿಹಿನೀರು ಮೇಲಿನಿಂದ ಇಳಿಯುತ್ತದೆ, ಸಮುದ್ರದ ಉಪ್ಪುನೀರು ದಿನಕ್ಕೆ ಎರಡು ಸಲ ಕೆಳಗಿನಿಂದ ಏರುತ್ತದೆ. ಇವೆರಡೂ ಸೇರುವ ತಗ್ಗು ನೆಲಕ್ಕೆ ಒಡ್ಡು ಕಟ್ಟಿ, ನೀರು ಬಿಡಲು ತಡೆಯಲು ಹಲಗೆಯ ಬಾಗಿಲಿಟ್ಟರೆ ಗಜನಿ. ಮಳೆ ಸುರಿದು ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳುವ ಎತ್ತರದ ತಳಿ ಅದು; ಮಾಣಿಕಟ್ಟಾ ಕಡೆ ಈಗಲೂ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಬಾಗಿಲು ತೆಗೆದರೆ ಭರತದ ನೀರಿನ ಜೊತೆ ಸಿಗಡಿ, ಮೀನು ಒಳಗೆ ಬರುತ್ತವೆ. ಗದ್ದೆಯ ಕೂಳೆ ಅವಕ್ಕೆ ಆಸರೆಯಾಗುತ್ತದೆ. ಒಂದೇ ನೆಲದಲ್ಲಿ ಅನ್ನವೂ ಮೀನೂ. ವಿವೇಕದ ಬಳಕೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಉಪ್ಪಿನ ಹದ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಹಾಗಾಗಿ ಮಳೆಗಾಲದಲ್ಲಿ ಅಳಿವೆ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಪಕ್ಕದ ಶರಾವತಿಯಲ್ಲಿ ವಿದ್ಯುತ್ ತೆಗೆದು ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಬರುತ್ತಿರುತ್ತದೆ. ಉಪ್ಪು ಬೇಡುವ ಬಳಚಿಗೆ ಅದು ಹಿತವಲ್ಲ. ಒಂದೇ ಜಿಲ್ಲೆಯ ಎರಡು ಅಳಿವೆ, ಎರಡು ಬದುಕು. ಈ ವ್ಯತ್ಯಾಸವನ್ನು ಹೇಳಿಕೆಯಾಗಿ ಬಿಡದೆ ಅಂಕಿಯಲ್ಲಿ ತೋರಿಸಲು ಯಾರಾದರೂ ಹೊಳೆಗೆ ಇಳಿಯಲೇಬೇಕು.

ಇಳಿದವರು ಮಾಡುವುದೇನು

ಮಡ್ಲು, ಅಂದರೆ ಇಳಿತದಲ್ಲಿ ಮೇಲೆ ಕಾಣುವ ಕೆಸರು ದಿಬ್ಬ, ತೇಲಿದ ಹೊತ್ತು. ಇಳಿತ ಇನ್ನೂ ಒಂದು ಗಂಟೆ ಇರುತ್ತದೆ ಎಂದು ಲೆಕ್ಕ ಹಾಕಿ ದೋಣಿಯಿಂದ ಇಳಿಯಬೇಕು. ಮೊಳಕಾಲವರೆಗೆ ಕೆಸರು. ಕೈಯಲ್ಲಿ ಅರ್ಧ ಮೀಟರ್ ಉದ್ದಗಲದ ಪೈಪಿನ ಚೌಕಟ್ಟು. ಬಳಚು ಹೆಚ್ಚಿದ್ದ ಕಡೆ ಅದನ್ನು ಇಡುವ ಆಸೆ ಎಲ್ಲರಿಗೂ ಆಗುತ್ತದೆ, ಹಾಗೆ ಮಾಡಬಾರದು. ಮೊದಲೇ ಗುರುತು ಹಾಕಿಕೊಂಡ ಗೆರೆಯಲ್ಲಿ, ನಿಗದಿ ಮಾಡಿದ ದೂರಕ್ಕೊಂದರಂತೆ ಇಡಬೇಕು. ಅಲ್ಲಿ ಒಂದೂ ಸಿಗದಿದ್ದರೆ ಸೊನ್ನೆ ಬರೆಯಬೇಕು. ಆ ಸೊನ್ನೆಗೂ ಬೆಲೆ ಇದೆ. ಚೌಕಟ್ಟಿನೊಳಗಿನ ಕೆಸರು ಅಗೆದು, ಜರಡಿಯಲ್ಲಿ ತೊಳೆದು, ಸಿಕ್ಕಿದ್ದನ್ನು ಜಾತಿವಾರು ಎಣಿಸಿ, ಉದ್ದ ಅಳೆದು, ಜೀವಂತವಿದ್ದದ್ದನ್ನು ವಾಪಸು ಬಿಡುವುದು. ಆಮೇಲೆ ಒಂದು ಹನಿ ನೀರನ್ನು ಉಪ್ಪಿನಂಶ ಅಳೆಯುವ ಕೊಳವೆಯ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದರೆ ಒಳಗೆ ಗೆರೆ ಕಾಣುತ್ತದೆ. ಸಮುದ್ರದ ನೀರಾದರೆ ಅದು 35ರ ಆಸುಪಾಸು, ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು.

ಇದನ್ನೆಲ್ಲ ಪೆನ್ಸಿಲ್ಲಿನಲ್ಲೇ ಬರೆಯಬೇಕು. ನಾನು ಕಲಿಯುವಾಗ ಶಾಯಿ ಪೆನ್ನಲ್ಲಿ ಬರೆದು, ದೋಣಿಯ ತಳದ ನೀರಿನಲ್ಲಿ ಹಾಳೆ ನೆನೆದು, ಒಂದು ಇಡೀ ಹುಣ್ಣಿಮೆಯ ಲೆಕ್ಕ ನೀಲಿ ಕಲೆಯಾಗಿ ಹೋಗಿತ್ತು. ಅದೇ ಇಳಿತಕ್ಕೆ ಮತ್ತೆ ಹದಿನೈದು ದಿನ ಕಾಯಬೇಕಾಯಿತು.

ಹಕ್ಕಿ ಎಣಿಸುವುದು, ಕಾಂಡ್ಲಾ ಗಿಡದ ಸುತ್ತಳತೆ ತೆಗೆಯುವುದು, ಮೀನು ಇಳಿಸುವ ದಕ್ಕೆಯಲ್ಲಿ ಬೆಳಗಿನ ನಾಲ್ಕಕ್ಕೆ ನಿಂತು ಬುಟ್ಟಿ ಲೆಕ್ಕ ಹಿಡಿಯುವುದು, ಎಲ್ಲದರ ಸ್ವಭಾವವೂ ಹೀಗೆಯೇ: ಒಂದೇ ಕ್ರಮ, ಮತ್ತೆ ಮತ್ತೆ, ವರ್ಷಗಟ್ಟಲೆ. ಚಿತ್ರದಲ್ಲಿ ಚಂದ ಕಾಣುವ ಕೆಲಸದ ಹತ್ತರಲ್ಲಿ ಎಂಟು ಪಾಲು ಇದು.

ಮೇಳದಲ್ಲಿ ಯಾವ ವೇಷ

ಯಕ್ಷಗಾನ ಮೇಳ ಸೇರುತ್ತೇನೆ ಎಂದು ಬಂದವನನ್ನು ಕೇಳುವ ಮೊದಲ ಪ್ರಶ್ನೆ, ಏನಾಗಿ ಎಂದು. ಭಾಗವತಿಕೆಯೋ, ಮದ್ದಳೆಯೋ, ಸ್ತ್ರೀವೇಷವೋ, ಚೌಕಿಯಲ್ಲಿ ಬಣ್ಣದ ಕೆಲಸವೋ. ಜೌಗು ಸಂರಕ್ಷಣೆಯೂ ಒಂದು ಮೇಳ.

ಜೀವಶಾಸ್ತ್ರದವರು ಬೇಕೇ ಬೇಕು, ಅವರಷ್ಟರಿಂದಲೇ ಆಟ ನಡೆಯುವುದಿಲ್ಲ. ನೀರಿನ ಹರಿವು, ಹೂಳು ಲೆಕ್ಕ ಹಾಕಲು ಸಿವಿಲ್ ಎಂಜಿನಿಯರ್ ಬೇಕು. ಉಪಗ್ರಹದ ಚಿತ್ರದಿಂದ ನಕಾಶೆ ಮಾಡಲು ಭೂಗೋಳ ಅಥವಾ ಭೂವಿಜ್ಞಾನ ಓದಿದವರು ಬೇಕು. ದೇಶದ ಜೌಗುಗಳ ನಕಾಶೆಯನ್ನು 2011ರಲ್ಲಿ ಹೊರತಂದದ್ದು ಇಸ್ರೋದ ಅಹಮದಾಬಾದ್ ಕೇಂದ್ರ. ಬಳಚಿನಿಂದ ಎಷ್ಟು ಮನೆ ನಡೆಯುತ್ತದೆ ಎಂದು ತಿಳಿಯಲು ಅರ್ಥಶಾಸ್ತ್ರ, ಸಮಾಜಶಾಸ್ತ್ರದವರು ಬೇಕು. ಕಲಾ ವಿಭಾಗದ ಮಕ್ಕಳಿಗೆ ಇಲ್ಲಿ ಜಾಗವಿಲ್ಲ ಎಂದು ಹೇಳುವವರ ಮಾತನ್ನು ನಂಬಬೇಡಿ.

ಕಾನೂನು ತಿಳಿದವರ ಕೊರತೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಣುತ್ತದೆ. ಉದಾಹರಣೆಗೆ, ಒಪ್ಪಂದದ ಪ್ರಕಾರ ಭತ್ತದ ಗದ್ದೆ ಜೌಗು. ಆದರೆ ಭಾರತದ 2017ರ ಜೌಗು ಸಂರಕ್ಷಣಾ ನಿಯಮದಲ್ಲಿ ಗದ್ದೆ, ನದಿಯ ಪಾತ್ರ, ಕುಡಿಯುವ ನೀರಿಗೋ ನೀರಾವರಿಗೋ ಮನುಷ್ಯರು ಕಟ್ಟಿದ ಕೆರೆ, ಉಪ್ಪಿನ ಆಗರ ಇವು ಜೌಗಿನ ಅರ್ಥದಿಂದ ಹೊರಗೆ. ಅರಣ್ಯ ಕಾಯ್ದೆ ಅಥವಾ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ವ್ಯಾಪ್ತಿಯ ಜಾಗಕ್ಕೂ ಆ ನಿಯಮ ಹೋಗುವುದಿಲ್ಲ. ಅಲ್ಲಿ ಆಯಾ ಕಾಯ್ದೆಯೇ ನಡೆಯುತ್ತದೆ. ಹಾಗಾಗಿ ಅಳಿವೆಯ ಒಂದು ಮೂಲೆಯಲ್ಲಿ ಯಾರೋ ಮಣ್ಣು ತುಂಬಿದರೆ, ಮೊದಲ ಪ್ರಶ್ನೆ ಅದು ಜೌಗೋ ಅಲ್ಲವೋ ಎಂಬುದಲ್ಲ. ಆ ಸರ್ವೆ ನಂಬರಿಗೆ ಯಾವ ಕಾನೂನು ಅನ್ವಯ ಎಂಬುದು. ಅದನ್ನು ಬಿಡಿಸಿ ಹೇಳಬಲ್ಲವರು ಜಿಲ್ಲೆಗೊಬ್ಬರು ಸಿಕ್ಕರೂ ಪುಣ್ಯ.

ಪಿಯುಸಿ ಆದ ಮೇಲೆ ದಾರಿಗಳು

ಮೊದಲ ದಾರಿ ಮನೆ ಹತ್ತಿರದ್ದೇ. ಶಿರಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ನಾಲ್ಕು ವರ್ಷದ ಬಿಎಸ್ಸಿ ಅರಣ್ಯಶಾಸ್ತ್ರ, ಮುಂದೆ ಎಂಎಸ್ಸಿಯೂ ಇದೆ. ಮೀನಿನ ಕಡೆ ಒಲವಿದ್ದವರಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜು. 1969ರಿಂದ ಇದೆ, ಇಲ್ಲೂ ಪದವಿ ನಾಲ್ಕು ವರ್ಷ. ಎರಡಕ್ಕೂ ಸಿಇಟಿ ಬರೆಯಬೇಕು. ರೈತರ ಮಕ್ಕಳಿಗೆ ಕೃಷಿಕ ಕೋಟಾ ಉಂಟು, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ; ಇದು ಗೊತ್ತಿಲ್ಲದೆ ಅರ್ಜಿಯ ದಿನ ದಾಟಿಸಿಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ.

ಎರಡನೇ ದಾರಿ ಊರ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರದ ಸಾದಾ ಬಿಎಸ್ಸಿ. ಇದನ್ನು ಕೀಳಾಗಿ ಕಾಣಬೇಕಿಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ ಇದೆ. ತರಗತಿಯಿಂದ ಕಾಳಿ ಸಂಗಮಕ್ಕೆ ನಡೆದೇ ಹೋಗಬಹುದು. ಮ್ಯಾಂಗ್ರೋವ್, ಅಂದರೆ ನಮ್ಮ ಕಾಂಡ್ಲಾ ಕಲಿಯಲು ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕಡಲ ಕೇಂದ್ರ ಹೆಸರುವಾಸಿ. ವನ್ಯಜೀವಿ ವಿಜ್ಞಾನಕ್ಕೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ (ಎನ್‌ಸಿಬಿಎಸ್). ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಬಿಗಿ.

ಎಲ್ಲಿ ಓದಿದರೂ ಮೂರು ವಿದ್ಯೆ ಜೊತೆಗೆ ಬೇಕು. ಒಂದು, ಕನಿಷ್ಠ ಒಂದು ಗುಂಪಿನ ಜೀವಿಗಳನ್ನು ನೋಡಿ ಗುರುತಿಸುವುದು. ಎರಡು, ಸಂಖ್ಯಾಶಾಸ್ತ್ರ, ಲೆಕ್ಕಕ್ಕೆ ಹೆದರಿ ಬಯಾಲಜಿ ತೆಗೆದುಕೊಂಡವರಿಗೆ ಇದು ಬೇಸರದ ಸುದ್ದಿ. ಮೂರು, ನಕಾಶೆ ಮಾಡುವ ಸಾಫ್ಟ್‌ವೇರ್. ಕ್ಯೂಜಿಐಎಸ್ ಪುಕ್ಕಟೆ ಸಿಗುತ್ತದೆ, ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ (ಐಐಆರ್‌ಎಸ್) ಆನ್‌ಲೈನಿನಲ್ಲಿ ಶುಲ್ಕವಿಲ್ಲದೆ ದೂರಸಂವೇದಿ ಕೋರ್ಸುಗಳನ್ನು ನಡೆಸುತ್ತದೆ.

ಸಂಬಳದ ಮಾತು

ಖಾಯಂ ನೌಕರಿ ಎಂದರೆ ಹೆಚ್ಚಾಗಿ ಸರ್ಕಾರದ್ದು. ಅರಣ್ಯ ಇಲಾಖೆಯಲ್ಲಿ ಗಸ್ತು ಅರಣ್ಯ ಪಾಲಕನಿಂದ ವಲಯ ಅರಣ್ಯಾಧಿಕಾರಿವರೆಗೆ ರಾಜ್ಯದ ನೇಮಕಾತಿ, ಭಾರತೀಯ ಅರಣ್ಯ ಸೇವೆಗೆ (ಐಎಫ್‌ಎಸ್) ಯುಪಿಎಸ್‌ಸಿ. ಮೀನುಗಾರಿಕೆ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಕಾಲೇಜು ಉಪನ್ಯಾಸಕ ಹುದ್ದೆ ಇವೂ ಸಾಲಿನಲ್ಲಿವೆ. ಸಂಶೋಧನೆಯ ಕಡೆ ಕಾರವಾರದಲ್ಲೇ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಕುಮಟಾದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರ, ಪಕ್ಕದ ಗೋವಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ.

ಖಾಸಗಿಯಲ್ಲಿ ದೊಡ್ಡ ಪಾಲು ಪರಿಸರ ಪರಿಣಾಮ ವರದಿ ಮಾಡುವ ಸಲಹಾ ಕಂಪನಿಗಳದ್ದು. ಬಂದರು, ಹೆದ್ದಾರಿಯಂಥ ಯೋಜನೆಗೆ ಈ ವರದಿ ಬೇಕು. ನ್ಯಾಬೆಟ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರುವ ಕಂಪನಿಯೇ ಮಾಡಬೇಕು, ಅದರಲ್ಲಿ 'ಪರಿಸರ ಮತ್ತು ಜೀವವೈವಿಧ್ಯ'ಕ್ಕೆಂದೇ ತಜ್ಞರ ಜಾಗ ಇರುತ್ತದೆ. ವರದಿಗೆ ದುಡ್ಡು ಕೊಡುವುದು ಯೋಜನೆ ಮಾಡುವವರೇ. ಈ ಇಕ್ಕಟ್ಟನ್ನು ತಿಳಿದೇ ಆ ಬಾಗಿಲು ತಟ್ಟಬೇಕು.

ಉಳಿದದ್ದು ಪ್ರಾಜೆಕ್ಟ್ ಕೆಲಸ. ಆರು ತಿಂಗಳು, ಒಂದು ವರ್ಷ, ಅದೃಷ್ಟವಿದ್ದರೆ ಮೂರು. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಪಾಸಾಗಿ ಸಂಶೋಧನಾ ವೇತನ (ಜೆಆರ್‌ಎಫ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, 2023ರ ಜನವರಿಯಿಂದ ಇರುವ ದರ ಇದು. ಅದಿಲ್ಲದವರ ಪಾಡು ಬೇರೆ. ಪದವಿ ಮುಗಿಸಿದ ಹೊಸತರಲ್ಲಿ ನಾನೂ ಒಂದು ಸಂಸ್ಥೆಗೆ ನಾಲ್ಕು ತಿಂಗಳು ದುಡಿದೆ. ಹೆಸರು ಬೇಡ. 'ಅನುಭವವೇ ಸಂಬಳ' ಎಂದರು, ಬಸ್ಸಿನ ಖರ್ಚು ಅಪ್ಪ ಕೊಟ್ಟರು, ವರದಿಯಲ್ಲಿ ನನ್ನ ಹೆಸರು ಬರಲಿಲ್ಲ. ಆದ್ದರಿಂದ ಸೇರುವ ಮೊದಲೇ ಕೇಳಬೇಕು: ಭತ್ಯೆ ಎಷ್ಟು, ದೋಣಿ ಬಾಡಿಗೆ ಯಾರದು, ವಿಮೆ ಇದೆಯೇ, ಲೈಫ್ ಜಾಕೆಟ್ ಇದೆಯೇ, ಹೆಣ್ಣುಮಕ್ಕಳು ಬೆಳಗಿನ ಜಾವ ಹೋಗಬೇಕಾದಾಗ ಜೊತೆಗೆ ಯಾರು, ಬರೆದ ಲೆಕ್ಕಕ್ಕೆ ಯಾರ ಹೆಸರು. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಸೇರಬೇಡಿ.

ಕೈ ಹಿಡಿಯುವವರು

ಬೆಂಗಳೂರಿನಲ್ಲಿ 2010ರಿಂದ ಸಂರಕ್ಷಣಾ ವಿಜ್ಞಾನದ ವಿದ್ಯಾರ್ಥಿ ಸಮ್ಮೇಳನ ನಡೆಯುತ್ತಿದೆ. ಪ್ರಬಂಧ ಮಂಡಿಸುವವರು ವಿದ್ಯಾರ್ಥಿಗಳು, ಕೇಳಿ ತಿದ್ದುವವರು ಹಿರಿಯರು. ಸಣ್ಣ ಸ್ವತಂತ್ರ ಅಧ್ಯಯನಕ್ಕೆ ಬ್ರಿಟನ್ನಿನ ರಫರ್ಡ್ ಫೌಂಡೇಷನ್ ಹೊಸಬರಿಗೂ ಹಣ ಕೊಡುತ್ತದೆ. ಕೇಂದ್ರ ಪರಿಸರ ಸಚಿವಾಲಯದ ಹಸಿರು ಕೌಶಲ ತರಬೇತಿ 2017ರಲ್ಲಿ ಶುರುವಾದದ್ದು, ಓದು ಅರ್ಧಕ್ಕೆ ಬಿಟ್ಟವರಿಗೂ ಅದರಲ್ಲಿ ಕೋರ್ಸುಗಳಿವೆ. ಅಮೆರಿಕದಲ್ಲಿ 1980ರಲ್ಲಿ ಹುಟ್ಟಿದ ಜೌಗು ವಿಜ್ಞಾನಿಗಳ ಸಂಘ ವೃತ್ತಿ ಪ್ರಮಾಣಪತ್ರವನ್ನೂ ಕೊಡುತ್ತದೆ. ನಮ್ಮ ಸರ್ಕಾರಿ ನೌಕರಿಗೆ ಅದು ಬೇಕಿಲ್ಲ, ಹೊರದೇಶದ ಕೆಲಸ ಹುಡುಕುವವರು ನೋಡಬಹುದು.

ಆದರೆ ಮೊದಲ ಮೆಟ್ಟಿಲು ಇಷ್ಟು ದೂರ ಇಲ್ಲ. ಪ್ರತಿ ಜನವರಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, ದುರ್ಬೀನು ಇದ್ದವರ ಜೊತೆ ನಿಂತು ಬರೆದುಕೊಳ್ಳುವುದರಿಂದಲೇ ಆರಂಭಿಸಬಹುದು. ಇನ್ನೊಂದು ಬಾಗಿಲು ಗ್ರಾಮ ಪಂಚಾಯತದ್ದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯತದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು: ಊರಿನ ಗಿಡ, ಮೀನು, ತಳಿ, ಮದ್ದು, ಅವುಗಳ ಬಗ್ಗೆ ಊರವರಿಗಿರುವ ತಿಳಿವಳಿಕೆ. ಬಹಳ ಕಡೆ ಈ ಪುಸ್ತಕ ಕಪಾಟಿನಲ್ಲಿ ಮಲಗಿದೆ. ಒಂದು ಕಾಲೇಜಿನ ಪ್ರಾಜೆಕ್ಟು ಅದನ್ನು ಎಬ್ಬಿಸಬಲ್ಲದು, ವಿದ್ಯಾರ್ಥಿಗೂ ಹೇಳಿಕೊಳ್ಳಲು ಒಂದು ಕೆಲಸವಾಗುತ್ತದೆ.

ಈಗಾಗಲೇ ನೌಕರಿಯಲ್ಲಿರುವವರ ತೊಂದರೆ ಬೇರೆ ಬಗೆಯದು. ಘಟ್ಟದ ಮೇಲಿನ ಕಾಡಿನಲ್ಲಿ ಹತ್ತು ವರ್ಷ ಕಳೆದ ಅರಣ್ಯ ಸಿಬ್ಬಂದಿಗೆ ವರ್ಗವಾಗಿ ಅಳಿವೆ ಸಿಗುತ್ತದೆ. ಸಾಗುವಾನಿ ನೆಟ್ಟ ಅಭ್ಯಾಸದಲ್ಲಿ ಕಾಂಡ್ಲಾ ನೆಡಲು ಹೋದರೆ ಬದುಕುವುದಿಲ್ಲ. ಕಾಂಡ್ಲಾದ ಕೆಲವು ಜಾತಿಗಳ ಬೀಜ ಮರದ ಮೇಲೇ ಮೊಳೆತು ಕೋಲಿನಂತೆ ನೇತಾಡುತ್ತದೆ. ಅದನ್ನು ಯಾವ ತಿಂಗಳು ಆರಿಸಬೇಕು, ಯಾವ ಮಟ್ಟದ ಕೆಸರಿಗೆ ಊರಬೇಕು, ಭರತದ ನೀರು ದಿನಕ್ಕೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಬೇರೆಯೇ ಪಾಠ. ಆ ಪಾಠ ತರಬೇತಿ ಕೇಂದ್ರದಲ್ಲಿ ಸಿಗುವುದಕ್ಕಿಂತ ಬೇಗ ದಂಡೆಯ ಮೀನುಗಾರರ ಬಳಿ ಸಿಗುತ್ತದೆ.

ತಾರಿ ದಡ ಮುಟ್ಟುವ ಮೊದಲು ನಾನು ಮೊಬೈಲಿನಲ್ಲಿ ಕೋಷ್ಟಕ ತೆಗೆದು, ಇಂದಿನ ಇಳಿತ ಇಷ್ಟು ಗಂಟೆಗೆ ಎಂದು ಹುಡುಗಿಗೆ ತೋರಿಸಿದೆ. ಅವಳ ಅಮ್ಮ ಬಗ್ಗಿ ನೋಡಿ ನಕ್ಕರು. "ಅದು ಬಾಯಿಗೆ, ಅಕ್ಕೋರೇ. ಒಳಗೆ ನಮ್ಮ ಬದಿಗೆ ನೀರು ಇಳೂಕೆ ಇನ್ನೂ ಹೊತ್ತಾಗ್ತದೆ." ಅವರು ಹೇಳಿದ್ದು ಸರಿ. ಕೋಷ್ಟಕದ ಸಮಯ ಬಂದರಿನ ಬಾಯಿಯದ್ದು, ಅಳಿವೆಯ ಒಳಹೋದಂತೆ ಅದು ತಡವಾಗುತ್ತದೆ. ಎಲ್ಲಿ ಎಷ್ಟು ತಡ ಎಂಬುದು ಆ ಮೊಬೈಲಿನಲ್ಲಿ ಇರಲಿಲ್ಲ.

ಬುಟ್ಟಿ ಎತ್ತಿ ಕೊಡುತ್ತ ಹುಡುಗಿ ಕೇಳಿದಳು, ಪಂಚಾಯತದ ಆ ದಾಖಲೆಯಲ್ಲಿ ಅಮ್ಮನ ಹೆಸರು ಬರೆಯಬಹುದಾ ಎಂದು. ಬರೆಯಬಹುದು. ತಿಳಿವಳಿಕೆ ಯಾರದೋ ಅವರ ಹೆಸರಿಗೆ ಅದರಲ್ಲಿ ಜಾಗವಿದೆ.